ನಲ್ಲಿಯ ಮರ್ಯಾದೆ

ಕಾಳೀ ನದಿಯು ಜೋಯಿಡಾ ತಾಲೂಕಿನಲ್ಲಿ ಹುಟ್ಟಿ ದಾಂಡೇಲಿಯ ಮಗ್ಗುಲಲ್ಲಿ ಹರಿಯುವದು. ನೀರಿಗೆ ಬಡವಲ್ಲದ ಆ ಸೀಮೆಯಲ್ಲಿಯೂ ಬೇಸಗೆಯ ನಲ್ಲಿಯ ಮುಂದೆ ಬರೆಯದ ಕಾಯಿದೆಯೊಂದುಂಟು: ಸರತಿ ತಪ್ಪಬಾರದು, ಒಬ್ಬರೇ ಹತ್ತು ಕೊಡ ಇಡಬಾರದು. ಇದೇ ಕಾಯಿದೆಯು ಗಣಕಯಂತ್ರಗಳ ಲೋಕಕ್ಕೂ ಬೇಕಾಯಿತೆಂದರೆ ವಾಚಕರು ಆಶ್ಚರ್ಯಪಡಬಹುದು. ಅಲ್ಲಿಯೂ ನಲ್ಲಿಯುಂಟು, ಅದರಲ್ಲಿ ಬರುವದು ನೀರಲ್ಲ, ನಾಣ್ಯ.

ಬ್ಲಾಕ್‌ಚೈನ್ ಎಂದರೆ ಅನೇಕ ಗಣಕಯಂತ್ರಗಳು ಕೂಡಿ ಬರೆದಿಡುವ ಒಂದೇ ಕೀರ್ದಿ. ಅದರ ಪ್ರತಿಯೊಂದು ನಮೂದಿಗೂ ಶುಲ್ಕವುಂಟು. ಕಲಿಯುವವನು ನೂರು ಸಲ ತಪ್ಪುವನು. ತಪ್ಪಿದಾಗಲೆಲ್ಲ ನಿಜವಾದ ಹಣ ತೆರಬೇಕಾದರೆ ಆ ವಿದ್ಯೆಯು ಧನಿಕರ ಸ್ವತ್ತಾದೀತು. ಆದುದರಿಂದ ಬೆಲೆಯಿಲ್ಲದ ನಾಣ್ಯದಿಂದಲೇ ನಡೆಯುವ ಪರೀಕ್ಷಾಜಾಲಗಳನ್ನು ಏರ್ಪಡಿಸಿರುವರು. ಆ ನಾಣ್ಯವನ್ನು ಪುಕ್ಕಟೆಯಾಗಿ ಹಂಚುವ ತಾಣಕ್ಕೆ ಫಾಸೆಟ್, ಅರ್ಥಾತ್ ನಲ್ಲಿ, ಎಂದು ಹೆಸರು. ಈ ಹೆಸರಿಗೆ ಮೂಲವು 2010ರಲ್ಲಿದೆ. ಆ ವರ್ಷ ಗ್ಯಾವಿನ್ ಆಂಡ್ರೆಸೆನ್ ಎಂಬವರು ಬಿಟ್‌ಕಾಯಿನ್ನಿನ ಪರಿಚಯವಾಗಲೆಂದು ತಮ್ಮ ನಲ್ಲಿಗೆ ಬಂದವರಿಗೆ ತಲಾ 5 ನಿಜ ನಾಣ್ಯಗಳನ್ನೇ ಕೊಟ್ಟರು. ಅಂದು ಅವುಗಳ ಬೆಲೆ ತೀರ ಅಲ್ಪವಾಗಿತ್ತು.

ಹಳಿಯಾಳದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಹುಡುಗನೊಬ್ಬನ ಮನೆಯು ಜೋಯಿಡಾದ ಕಾಡಿನೊಳಗಿದೆಯೆಂದು ಭಾವಿಸಿರಿ. ರಜೆಗೆ ಊರಿಗೆ ಹೋದಾಗ ಮೊಬೈಲಿನ ಸಂಪರ್ಕವು ಕರೆಯದೆ ಬಂದು ಹೇಳದೆ ಹೋಗುವ ನೆಂಟ. ಆದಕಾರಣ ಅವನು ಕೆಲವು ಸಾಲಿನ ಸ್ಕ್ರಿಪ್ಟೊಂದನ್ನು ಬರೆಯುವನು. ಅದು ಅವನ ಖಾತೆಯ ವಿಳಾಸವನ್ನು ನಲ್ಲಿಗೆ ಒಪ್ಪಿಸಿ, ಉತ್ತರವನ್ನು ಓದಿ, ಸಂಪರ್ಕ ಕಡಿದರೆ ಮತ್ತೆ ಕೇಳುವದು. ಕೆಲವು ನಲ್ಲಿಗಳು ಇಂಥ ಯಂತ್ರದ ಕೋರಿಕೆಗೆಂದೇ ಬಾಗಿಲು ತೆರೆದಿರುವವು. ಕೆಲವು ಮನುಷ್ಯನೇ ಬರಲೆಂದು ಒಗಟು ಒಡ್ಡುವವು. 24 ತಾಸಿಗೊಮ್ಮೆ ಮಾತ್ರ ಕೊಡುವದು ಹಲವು ನಲ್ಲಿಗಳ ವಾಡಿಕೆ. ಅವಸರಪಟ್ಟವನಿಗೆ 429 ಎಂಬ ಸಂಖ್ಯೆಯು ಉತ್ತರವಾಗಿ ಬರುವದು: ಬಹಳ ಸಲ ಕೇಳಿದಿರಿ, ತಡೆಯಿರಿ ಎಂದು ಅದರ ಭಾವ.

ಇಷ್ಟರ ಮಟ್ಟಿಗೆ ದೋಷವಿಲ್ಲ. ಆದರೆ ಸ್ಕ್ರಿಪ್ಟಿಗೆ ದಣಿವೂ ಇಲ್ಲ, ನಾಚಿಕೆಯೂ ಇಲ್ಲ. ಒಬ್ಬನೇ ಸಾವಿರ ವಿಳಾಸಗಳನ್ನು ಸೃಷ್ಟಿಸಿ ಸಾವಿರ ಕೊಡಗಳನ್ನು ಸರತಿಯಲ್ಲಿಡಬಲ್ಲನು. ಮುಂಡಗೋಡದ ಕೆರೆಯ ಬಯಲಿನಲ್ಲಿ ಮೇಲಿನ ಗದ್ದೆಯವನು ತೂಬಿನ ನೀರನ್ನೆಲ್ಲ ತಿರುಗಿಸಿಕೊಂಡರೆ ಕೆಳಗಿನ ಗದ್ದೆ ಒಣಗಲೇಬೇಕಷ್ಟೆ. 2019ರಲ್ಲಿ ಆರಂಭವಾದ ಗೋರ್ಲಿ ಎಂಬ ಈಥೀರಿಯಂ ಪರೀಕ್ಷಾಜಾಲದಲ್ಲಿ ಹಾಗೆಯೇ ಆಯಿತು. ಕೆಲವರಲ್ಲಿ ನಾಣ್ಯ ರಾಶಿಯಾಯಿತು, ಉಳಿದವರಿಗೆ ಸಿಗದಾಯಿತು. 2023ರಲ್ಲಿ ಆ ಬೆಲೆಯಿಲ್ಲದ ನಾಣ್ಯವೇ ಹಣಕ್ಕೆ ಮಾರಾಟವಾಯಿತು! ಗೋರ್ಲಿಯ ತರುವಾಯ ಬಳಕೆಗೆ ಬಂದ ಸೆಪೋಲಿಯಾ ಜಾಲದ ಕೆಲವು ನಲ್ಲಿಗಳು, ಬೇಡುವವನ ಖಾತೆಯಲ್ಲಿ ಮೊದಲು ಸ್ವಲ್ಪ ನಿಜವಾದ ಈಥರ್ ಇರಬೇಕೆಂದು ನಿಬಂಧನೆ ಹಾಕಿವೆ. ದುರಾಸೆಯವನಿಗೆ ಅದೊಂದು ಅಡ್ಡಿ. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗೆ ಅದು ಮುಚ್ಚಿದ ಬಾಗಿಲು.

ಯಂತ್ರಕ್ಕಿಲ್ಲದ ಸಂಕೋಚವನ್ನು ಅದನ್ನು ಬರೆಯುವವನೇ ಅದರೊಳಗೆ ಇಡಬೇಕು. ಮೊದಲು ತನ್ನ ಖಾತೆಯ ಶಿಲ್ಕನ್ನು ನೋಡಲಿ, ಕಡಮೆಯಿದ್ದರೆ ಮಾತ್ರ ಕೇಳಲಿ, ತಡೆಯೆಂದರೆ ತಡೆಯಲಿ, ಕೆಲಸ ತೀರಿದ ಮೇಲೆ ಮಿಕ್ಕುದನ್ನು ನಲ್ಲಿಗೆ ಹಿಂದಿರುಗಿಸಲಿ. ಇದಕ್ಕೆ ನಾಲ್ಕು ಸಾಲು ಹೆಚ್ಚಿಗೆ ಬರೆಯಬೇಕಾದೀತು. ಆ ನಾಲ್ಕು ಸಾಲುಗಳಿಂದ ಹಿಂದೆ ನಿಂತವನ ಕೊಡವೂ ತುಂಬುವದು.