ಅವನ ಸರದಿಯ ಪುಸ್ತಕ

ನನ್ನ ಕಪಾಟಿನಲ್ಲಿ ಅರ್ಧ ಮಾತ್ರ ನನ್ನದಾದ ಪುಸ್ತಕವೊಂದಿದೆ. 2002ರಲ್ಲಿ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯೊಂದರಲ್ಲಿ ಅದಕ್ಕೆ ನಾನೂರು ರೂಪಾಯಿ ಹೇಳಿದರು. ನನ್ನ ಜೇಬಿನಲ್ಲಿದ್ದದ್ದು ಇನ್ನೂರೈವತ್ತು. ಅದರಲ್ಲಿ ಐವತ್ತು, ಸಂಬಳ ಬರುವ ತನಕ ಬಸ್ಸಿಗೆ. ಜೊತೆಗಿದ್ದ ರೂಮ್‌ಮೇಟು ನಾಲ್ಕು ಪುಟ ಮಗುಚಿ ನೋಡಿ, "ಇನ್ನೂರು ನಂದು ಮಾರಾಯ, ತಗೊ" ಅಂದ. ಆರು ತಿಂಗಳು ಅವನ ಟ್ರಂಕಿನಲ್ಲಿ, ಆರು ತಿಂಗಳು ನನ್ನ ಟ್ರಂಕಿನಲ್ಲಿ ಎಂದು ಅಂಗಡಿಯ ಮೆಟ್ಟಿಲ ಮೇಲೇ ಕರಾರಾಯಿತು. ಹನುಮಂತನಗರದ ನಮ್ಮ ಒಂಟಿ ಕೋಣೆಯಲ್ಲಿ ಆ ಎರಡೂ ಟ್ರಂಕು ಒಂದೇ ಮಂಚದ ಕೆಳಗಿದ್ದವು ಎನ್ನುವುದು ಕರಾರಿನ ಹೊತ್ತಿನಲ್ಲಿ ಇಬ್ಬರಿಗೂ ಹೊಳೆಯಲಿಲ್ಲ.

ಪುಸ್ತಕದ ಹೆಸರು 'ದ ಲೀಗ್ ಆಫ್ ಎಕ್ಸ್‌ಟ್ರಾರ್ಡಿನರಿ ಜಂಟಲ್‌ಮೆನ್'. ಬರೆದವನು ಅಲನ್ ಮೂರ್, ಚಿತ್ರ ಕೆವಿನ್ ಒ'ನೀಲ್‌ನದು. 1999ರಿಂದ ಬಿಡಿಯಾಗಿ ಬಂದ ಆರು ಸಂಚಿಕೆಗಳನ್ನು ಸೇರಿಸಿ ಹೊಲಿದ ಗ್ರಾಫಿಕ್ ಕಾದಂಬರಿ. ಕಥೆ ನಡೆಯುವುದು 1898ರಲ್ಲಿ. ಪಾತ್ರಗಳೆಲ್ಲ ಬೇರೆಯವರ ಕಾದಂಬರಿಗಳಿಂದ ಕರೆಸಿಕೊಂಡವರು: 'ಡ್ರಾಕುಲಾ'ದ ಮಿನಾ, ರೈಡರ್ ಹ್ಯಾಗರ್ಡನ ಬೇಟೆಗಾರ ಕ್ವಾಟರ್‌ಮೇನ್, ಜೂಲ್ ವರ್ನ್‌ನ ಕ್ಯಾಪ್ಟನ್ ನೀಮೋ, ಸ್ಟೀವನ್‌ಸನ್ನನ ಜೆಕಿಲ್ ಉರುಫ್ ಹೈಡ್, ವೆಲ್ಸ್‌ನ ಅದೃಶ್ಯ ಮನುಷ್ಯ. ಐದು ಮನೆಯ ನೆಂಟರನ್ನು ಒಂದೇ ಛತ್ರದಲ್ಲಿ ಇಳಿಸಿದ ಹಾಗೆ. ಛತ್ರದಲ್ಲಿ ಆಗುವಂತೆ ಇಲ್ಲೂ ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಆಗದು. ಇವರನ್ನೆಲ್ಲ ಗದರಿಸಿ ಸಾಲಾಗಿ ನಿಲ್ಲಿಸುವವಳು ಮಿನಾ. ಗಂಡನನ್ನು ಬಿಟ್ಟವಳು, ಕುತ್ತಿಗೆಗೆ ಸದಾ ಕೆಂಪು ವಸ್ತ್ರ ಸುತ್ತಿಕೊಂಡವಳು. ಅದರಡಿ ಏನಿದೆಯೆಂದು ಓದುಗನಿಗೆ ಗೊತ್ತು. ಗೊತ್ತಿದೆಯೆಂದು ಮೂರ್‌ಗೂ ಗೊತ್ತು. ಆದ್ದರಿಂದಲೇ ಆ ಸಂಪುಟ ಮುಗಿಯುವ ತನಕ ಅದನ್ನು ಬಿಚ್ಚಿಸುವುದಿಲ್ಲ.

ಕೋಣೆಯಲ್ಲಿದ್ದದ್ದು ನಲವತ್ತು ಕ್ಯಾಂಡಲ್ಲಿನ ಒಂದು ಬಲ್ಬು. ಇಬ್ಬರೂ ಒಟ್ಟಿಗೆ ಓದಬೇಕೆಂದರೆ ಒಬ್ಬ ಗಟ್ಟಿಯಾಗಿ ಓದಬೇಕು. ಸಕಲೇಶಪುರದ ಕಡೆಯ ಈ ಗೆಳೆಯ ಓದುತ್ತಿರಲಿಲ್ಲ, ಆಡುತ್ತಿದ್ದ. ಇಂಗ್ಲಿಷನ್ನು ಅಲ್ಲಲ್ಲೇ ಕನ್ನಡ ಮಾಡಿಕೊಂಡು ಪಾತ್ರಕ್ಕೊಂದು ದನಿ ಹಂಚಿದ್ದ. ಮಿನಾಳಿಗೆ ಅವನ ಸೋದರತ್ತೆಯ ದನಿ. ಆಕೆ ಹೈಸ್ಕೂಲಿನ ಗಣಿತದ ಟೀಚರಂತೆ, ಮಾತು ಮುಗಿದ ಮೇಲೆ "ಅರ್ಥ ಆಯ್ತಾ?" ಎಂದು ಕೇಳದೆ ಬಿಡುತ್ತಿರಲಿಲ್ಲವಂತೆ. ಕೋತಿಯಂತೆ ಬಾಗಿದ, ಬಾಗಿಲಲ್ಲಿ ಹಿಡಿಸದ ಹೈಡ್‌ಗೆ ಒಬ್ಬ ಬಸ್ ಕಂಡಕ್ಟರನ ದನಿ: "ಒಳಗ್ ಹೋಗ್ರೀ, ಹಿಂದ್ಗಡೆ ಜಾಗ ಐತಲ್ಲಾ!" ಇನ್ನು ಕಡಲ ಒಡಲಲ್ಲಿ ನಾಟಿಲಸ್ ಎಂಬ ಸಾಮ್ರಾಜ್ಯವನ್ನೇ ಇಟ್ಟುಕೊಂಡ ನೀಮೋಗೆ ನಮ್ಮ ಮನೆ ಮಾಲೀಕರದು. ನೀರಿನೊಳಗಿನ ಆ ಮಹಾನೌಕೆಯನ್ನು ಹತ್ತಿದವರಿಗೆಲ್ಲ ನೀಮೋ ಮೊದಲು ಹೇಳುತ್ತಿದ್ದದ್ದು, ರಾತ್ರಿ ಹತ್ತಕ್ಕೆ ಲೈಟು ಆರಬೇಕು, ನಲ್ಲಿ ಭದ್ರವಾಗಿ ತಿರುಗಿಸಬೇಕು.

ಕೈರೋದ ದೃಶ್ಯಗಳಲ್ಲಿ ಅರಬ್ಬಿ ಮಾತನ್ನು ಅರಬ್ಬಿ ಲಿಪಿಯಲ್ಲೇ ಬಿಟ್ಟಿದ್ದಾರೆ, ಅನುವಾದವಿಲ್ಲ. ನಮ್ಮವನಿಗೆ ಅದೇ ಅಚ್ಚುಮೆಚ್ಚು. ದಿನಕ್ಕೊಂದು ಅನುವಾದ ಮಾಡುತ್ತಿದ್ದ. ಸಂಚಿಕೆಗಳ ತುಂಬ ಇದ್ದ ಹಳೇ ಕಾಲದ ಜಾಹೀರಾತುಗಳನ್ನೂ ಬಿಡದೆ, ಸಂತೆಯ ಔಷಧಿ ಮಾರುವವನ ಧಾಟಿಯಲ್ಲಿ ಓದುತ್ತಿದ್ದ. (ಅವುಗಳಲ್ಲೊಂದು ನಿಜವಾದ ಹಳೇ ಜಾಹೀರಾತಿನ ಸರಕಿಗೆ 'ಮಾರ್ವೆಲ್' ಎಂಬ ಹೆಸರಿತ್ತು. ಪ್ರತಿಸ್ಪರ್ಧಿ ಕಂಪನಿಯ ಹೆಸರೂ ಅದೇ ಆದ್ದರಿಂದ ಐದನೇ ಸಂಚಿಕೆಯ ಅಚ್ಚಾದ ಪ್ರತಿಗಳನ್ನೆಲ್ಲ ಪ್ರಕಾಶಕರು ನಾಶಮಾಡಿಸಿದರು ಎಂದು ಆಮೇಲೆ ತಿಳಿಯಿತು. ಆ ಧಾಟಿಯಲ್ಲಿ ಅದನ್ನೂ ಕೇಳಬೇಕಿತ್ತು.)

ಕಾಮಿಕ್ಸಿನಲ್ಲಿ ಒಂದು ಚೌಕಟ್ಟಿಗೂ ಇನ್ನೊಂದಕ್ಕೂ ನಡುವೆ ಬಿಳಿಯ ಸಂದು ಬಿಟ್ಟಿರುತ್ತಾರೆ. ಆ ಕಸುಬಿನವರು ಅದನ್ನು 'ಗಟರ್' ಅನ್ನುತ್ತಾರೆ, ಅಂದರೆ ಚರಂಡಿ. ಈ ಚೌಕಟ್ಟಿನಲ್ಲಿ ಎತ್ತಿದ ಕೈ, ಮುಂದಿನದರಲ್ಲಿ ಬಿದ್ದ ಮನುಷ್ಯ. ಏಟು ಬಿದ್ದದ್ದು ಚರಂಡಿಯಲ್ಲಿ. ಹೊಡೆದವರು ನಾವೇ. ಎಷ್ಟು ಜೋರಾಗಿ, ಯಾವ ಸದ್ದಿನೊಂದಿಗೆ ಎನ್ನುವುದೂ ನಮ್ಮದೇ. ನಮ್ಮ ಕೋಣೆಯಲ್ಲಿ ಆ ಸಂದುಗಳ ತುಂಬ ಸೋದರತ್ತೆಯೂ ಕಂಡಕ್ಟರೂ ಮನೆ ಮಾಲೀಕರೂ ಓಡಾಡಿಕೊಂಡಿದ್ದರು. ಅವರಿಗೆ ಅಲ್ಲಿ ಬಾಡಿಗೆ ಇರಲಿಲ್ಲ.

2003ರಲ್ಲಿ ಸಿನಿಮಾ ಬಂತು. ದಂಡು ಪ್ರದೇಶದ ಟಾಕೀಸೊಂದರಲ್ಲಿ ಮೊದಲ ವಾರವೇ ಹೋದೆವು. ಪುಸ್ತಕವನ್ನೂ ಒಯ್ದಿದ್ದೆವು, ಯಾಕೋ ಗೊತ್ತಿಲ್ಲ, ಹುಡುಗಿ ನೋಡಲು ಹೋಗುವಾಗ ಜಾತಕ ಒಯ್ದ ಹಾಗೆ.

ಮೊದಲ ಹತ್ತು ನಿಮಿಷದಲ್ಲೇ ಜಾತಕ ಕೂಡುವುದಿಲ್ಲವೆಂದು ಗೊತ್ತಾಯಿತು. ಮಿನಾಳ ಯಜಮಾನಿಕೆ ಹೋಗಿ ಅದು ಶಾನ್ ಕಾನರಿಯ ಪಾಲಾಗಿತ್ತು. ಪುಸ್ತಕದ ಕ್ವಾಟರ್‌ಮೇನ್ ಅಫೀಮಿನ ಅಡ್ಡೆಯಲ್ಲಿ ಬಿದ್ದುಕೊಂಡವನು, ಮಿನಾ ಬಂದು ಎಬ್ಬಿಸಬೇಕಾದ ಜೀವ. ಪರದೆಯ ಮೇಲೆ ಅವನೇ ಎಲ್ಲರನ್ನೂ ಎಬ್ಬಿಸುತ್ತಿದ್ದ. ಮಿನಾ ಕೋರೆಹಲ್ಲು ಬಿಟ್ಟು ರಕ್ತ ಹೀರುವವಳಾಗಿದ್ದಳು. ಅಮೆರಿಕದ ಪ್ರೇಕ್ಷಕರಿಗೆ ಬೇಸರವಾಗಬಾರದೆಂದು ಟಾಮ್ ಸಾಯರ್ ಎಂಬ ತರುಣನೂ ಬಂದು ಸೇರಿಕೊಂಡಿದ್ದ, ಕರೆಯದೆ ಊಟಕ್ಕೆ ಬಂದವನ ಹುಮ್ಮಸ್ಸಿನಲ್ಲಿ. ಇದನ್ನೆಲ್ಲ ನುಂಗಿಕೊಂಡು ಕೂತಿದ್ದೆವು. ಅಷ್ಟರಲ್ಲಿ ನಾಟಿಲಸ್ ವೆನಿಸ್ಸಿಗೆ ಬಂತು. ಕುಂಬಳಕಾಯಿಯೊಳಗೆ ಆನೆ ನುಗ್ಗಿದ ಹಾಗೆ ಆ ಉಕ್ಕಿನ ಹಡಗು ವೆನಿಸ್ಸಿನ ಕಾಲುವೆಗಳೊಳಗೆ ಸರಿದು ಬಂತು. ಅದೂ ಸಾಲದೆಂದು, ಓಡಾಟಕ್ಕೆಲ್ಲ ದೋಣಿಯೇ ಆದ ಆ ಊರಿನಲ್ಲಿ ಮೋಟಾರು ಕಾರು ಓಡಿತು. "ಆ ಕಾರು ಯಾವ ರಸ್ತೇಲಿ ಹೋಗ್ತಿದೆ?" ಎಂದು ಗೆಳೆಯ ಕೇಳಿದ. ಹಿಂದಿನ ಸಾಲಿನವರು ಸುಮ್ಮನಿರಲು ಹೇಳಿದರು.

ಆದರೆ ನಮ್ಮನ್ನು ಮುಳುಗಿಸಿದ್ದು ವೆನಿಸ್ಸಲ್ಲ, ನೀಮೋ. ಆ ಪಾತ್ರ ನಾಸಿರುದ್ದೀನ್ ಶಾ ಅವರದು. ಮುಂಡಾಸು, ಗಡ್ಡ, ಕತ್ತಿ ಎಲ್ಲ ಭರ್ಜರಿಯಾಗಿತ್ತು. ನಾವಿಬ್ಬರೂ ಅವರನ್ನು ಮೊದಲು ಕಂಡಿದ್ದು ಗಿರೀಶ ಕಾಸರವಳ್ಳಿಯವರ 'ಮನೆ'ಯಲ್ಲಿ. ಹೆಂಡತಿಯೊಂದಿಗೆ ಪಟ್ಟಣದ ಬಾಡಿಗೆ ಮನೆಗೆ ಬಂದು, ಪಕ್ಕದ ಶೆಡ್ಡಿನ ಸದ್ದಿನಿಂದ ರಾತ್ರಿ ನಿದ್ದೆಗೆಡುವ ಸಾಧು ಮನುಷ್ಯ. ಈಗ ಅದೇ ಮುಖ ನಾಟಿಲಸ್ಸಿನ ಚುಕ್ಕಾಣಿಯ ಹಿಂದೆ. ಸುತ್ತ ಬಾಂಬು ಸಿಡಿಯುತ್ತಿವೆ, ಕಟ್ಟಡಗಳು ಸಾಲಾಗಿ ಕುಸಿಯುತ್ತಿವೆ, ಅವರು ಹಣೆ ಗಂಟಿಕ್ಕಿದ್ದಾರೆ. ಗೆಳೆಯ ನನ್ನ ಕಿವಿಯಲ್ಲಿ, "ಪಾಪ, ಇವತ್ತೂ ನಿದ್ದೆ ಇಲ್ಲ" ಅಂದ. ನಮ್ಮ ನೀಮೋ ಮನೆ ಮಾಲೀಕ, ಸಿನಿಮಾದ ನೀಮೋ ಬಾಡಿಗೆದಾರ. ಇಬ್ಬರೂ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ನಗು ಮುಗಿದ ಮೇಲೆ ಏನೋ ಕಳೆದ ಹಾಗಾಯಿತು. ಬಸ್ಸಿನಲ್ಲಿ ಬರುವಾಗ ಅವನು ಕಂಡಕ್ಟರನ ದನಿ ಮಾಡಲಿಲ್ಲ, ಎದುರಿಗೆ ನಿಜವಾದ ಕಂಡಕ್ಟರೇ ಇದ್ದರೂ.

ಆ ಸಿನಿಮಾ ಮಾಡಿದವರಿಗೂ ಸುಖವಾಗಲಿಲ್ಲವೆಂದು ಆಮೇಲೆ ಓದಿದೆ. 2002ರ ಆಗಸ್ಟಿನಲ್ಲಿ ಪ್ರಾಗ್ ನಗರಕ್ಕೆ ನುಗ್ಗಿದ ನೆರೆಯಲ್ಲಿ ಲಕ್ಷಾಂತರ ಡಾಲರಿನ ಸೆಟ್ಟುಗಳು ಹಾಳಾದವು. ಕಾನರಿಗೂ ನಿರ್ದೇಶಕ ಸ್ಟೀಫನ್ ನಾರಿಂಗ್ಟನ್‌ಗೂ ಹಾವು ಮುಂಗುಸಿ. 'ಲಾರ್ಡ್ ಆಫ್ ದ ರಿಂಗ್ಸ್'ನ ಗ್ಯಾಂಡಾಲ್ಫ್ ಪಾತ್ರ ಬಂದಾಗ ತಲೆಬುಡ ತಿಳಿಯುವುದಿಲ್ಲವೆಂದು ಬಿಟ್ಟ ಕಾನರಿ, ತಿಳಿಯದ ಇನ್ನೊಂದನ್ನು ಬಿಡಬಾರದೆಂದು ಇದನ್ನು ಒಪ್ಪಿದ್ದರಂತೆ. ಇದಾದ ಮೇಲೆ ಅವರು ಮತ್ತೆ ಬಣ್ಣ ಹಚ್ಚಿಕೊಂಡು ತೆರೆಗೆ ಬರಲಿಲ್ಲ.

ಅಲನ್ ಮೂರ್‌ನ ಪಾಡು ಇನ್ನೊಂದು. ಇಂಗ್ಲೆಂಡಿನ ನಾರ್ಥಾಂಪ್ಟನ್ನಿನಲ್ಲಿ ಹುಟ್ಟಿ ಅಲ್ಲೇ ಉಳಿದ ಮನುಷ್ಯ. ಎದೆಯವರೆಗೆ ಗಡ್ಡ, ಬೆರಳು ತುಂಬ ಉಂಗುರ. 1993ರಲ್ಲಿ, ನಲವತ್ತನೇ ಹುಟ್ಟುಹಬ್ಬದಂದು, ತಾನಿನ್ನು ಮಾಂತ್ರಿಕನೆಂದು ಸಾರಿದ. ಗ್ಲೈಕಾನ್ ಎಂಬ ಹಳೇ ರೋಮಿನ ಹಾವಿನ ದೇವರನ್ನು ಪೂಜಿಸುತ್ತಾನೆ. ಆ ದೇವರು ಆಗಿನ ಕಾಲದಲ್ಲೇ ಬೊಂಬೆಯಾಗಿತ್ತು ಎಂದು ತಾನೇ ಹೇಳುತ್ತಾನೆ. ನಾಗರಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುವ ನಮ್ಮ ಅಮ್ಮನಿಗೆ ಇದರಲ್ಲಿ ವಿಚಿತ್ರ ಏನೂ ಕಾಣುತ್ತಿರಲಿಲ್ಲ. ಅವನ ಪುಸ್ತಕಗಳ ಮೇಲೆ ಸಿನಿಮಾ ಆದರೆ ಹಣ ತೆಗೆದುಕೊಂಡು ನೋಡದೆ ಇರುವುದು ಅವನ ಮೊದಲ ಪದ್ಧತಿ. 'ಲೀಗ್' ಸಿನಿಮಾದ ಕಥೆ ಕದ್ದದ್ದೆಂದು ಯಾರೋ ದಾವೆ ಹೂಡಿದಾಗ, ತಾನು ನೋಡಿಯೂ ಇರದ ಸಿನಿಮಾಕ್ಕಾಗಿ ಗಂಟೆಗಟ್ಟಲೆ ಕೂತು ಸಾಕ್ಷಿ ಹೇಳಬೇಕಾಯಿತು. ಆಮೇಲೆ ಅವನಿಗೆ ಹೆಸರೂ ಬೇಡ, ಹಣವೂ ಬೇಡವಾಯಿತು. 'ವಿ ಫಾರ್ ವೆಂಡೆಟ್ಟಾ', 'ವಾಚ್‌ಮೆನ್' ಸಿನಿಮಾಗಳಲ್ಲಿ ಅವನ ಹೆಸರಿಲ್ಲ. ಚಿತ್ರ ಬರೆದವರ ಹೆಸರು ಮಾತ್ರ. ತನ್ನ ಪಾಲೂ ಅವರಿಗೇ ಹೋಗಲೆಂದ.

ಅವನ ಸಿಟ್ಟು ನನಗೆ ಪೂರ್ತಿ ಅರ್ಥವಾದದ್ದು ಅವನದೇ 'ಫ್ರಮ್ ಹೆಲ್' ಓದಿದ ಮೇಲೆ. 1888ರ ಲಂಡನ್ನಿನ ಕೊಲೆಗಳ ಕಥೆ. ಎಡ್ಡಿ ಕ್ಯಾಂಬೆಲ್ ಅದನ್ನು ಕೆರೆದಂಥ ಕಪ್ಪು ಗೆರೆಗಳಲ್ಲಿ ಬರೆದಿದ್ದಾನೆ. ನಾಲ್ಕನೇ ಅಧ್ಯಾಯದಲ್ಲಿ ಒಬ್ಬ ವೈದ್ಯ ತನ್ನ ಗಾಡಿಯವನನ್ನು ಕರೆದುಕೊಂಡು ದಿನವಿಡೀ ಲಂಡನ್ ಸುತ್ತುತ್ತಾನೆ. ಚರ್ಚುಗಳನ್ನು ತೋರಿಸುತ್ತ ಮಾತಾಡುತ್ತಲೇ ಹೋಗುತ್ತಾನೆ, ಅಷ್ಟೆ. ಕೊಲೆಯಿಲ್ಲ, ಓಟವಿಲ್ಲ. ಸಂಜೆಯ ಹೊತ್ತಿಗೆ ಪಾಪದ ಗಾಡಿಯವನಿಗೆ ವಾಂತಿಯಾಗುತ್ತದೆ, ನಮಗೆ ಬೆವರು. 2001ರ ಸಿನಿಮಾದಲ್ಲಿ ಆ ಸವಾರಿ ಇಲ್ಲ. ಬದಲಿಗೆ ಇನ್ಸ್‌ಪೆಕ್ಟರ್ ಆಬರ್‌ಲೀನ್ ಜಾನಿ ಡೆಪ್ ಆಗಿ, ಅಫೀಮು ಸೇದಿ, ಕನಸಿನಲ್ಲಿ ಕೊಲೆಗಳನ್ನು ಕಂಡು, ಕೊನೆಗೆ ಆ ಅಫೀಮಿನಲ್ಲೇ ತೀರಿಕೊಳ್ಳುತ್ತಾನೆ. ನಿಜವಾದ ಆಬರ್‌ಲೀನ್ ನಿವೃತ್ತನಾಗಿ, ಸಮುದ್ರದ ಪಕ್ಕದ ಬೋರ್ನ್‌ಮತ್ತಿನಲ್ಲಿ 1929ರವರೆಗೆ ಬದುಕಿದ್ದ. ಪಿಂಚಣಿ ತಿಂದು ಎಂಬತ್ತಾರು ವರ್ಷ ಬಾಳಿದವನನ್ನು ಹೀಗೆ ಮುಗಿಸಿದ್ದು ಸಣ್ಣ ಅನ್ಯಾಯವಲ್ಲ.

'ವಾಚ್‌ಮೆನ್' ತಕರಾರು ಇದಕ್ಕೆ ತಿರುಗುಮುರುಗು. 2009ರಲ್ಲಿ ಜ್ಯಾಕ್ ಸ್ನೈಡರ್ ಚೌಕಟ್ಟಿಗೆ ಚೌಕಟ್ಟು ಎತ್ತಿ ಇಟ್ಟಿದ್ದಾನೆ, ಭಕ್ತಿಗೇನೂ ಕಡಿಮೆಯಿಲ್ಲ. ಆದರೆ ಪುಸ್ತಕದ ಐದನೇ ಅಧ್ಯಾಯದಲ್ಲಿ ಮೊದಲ ಪುಟ ಕೊನೆಯ ಪುಟಕ್ಕೆ ಕನ್ನಡಿ, ಎರಡನೆಯದು ಕೊನೆಯಿಂದ ಎರಡನೆಯದಕ್ಕೆ, ಹೀಗೆ ನಡುವಿನವರೆಗೆ. ಅದು ಗೊತ್ತಾಗಬೇಕಾದರೆ ಬೆರಳಿಟ್ಟು ಹಿಂದೆ ಮುಂದೆ ಹೋಗಬೇಕು. ಟಾಕೀಸಿನಲ್ಲಿ ಪುಟ ಮಗುಚುವ ಬೆರಳು ನಮ್ಮದಲ್ಲವಲ್ಲ.

ಎಲ್ಲವೂ ಕೆಟ್ಟದ್ದೆಂದೇನೂ ಅಲ್ಲ. ಮರ್ಜಾನ್ ಸತ್ರಾಪಿ ತನ್ನ 'ಪರ್ಸೆಪೊಲಿಸ್' ಅನ್ನು 2007ರಲ್ಲಿ ತಾನೇ ಜೊತೆಗೂಡಿ ಸಿನಿಮಾ ಮಾಡಿದಾಗ ಆ ಕಪ್ಪುಬಿಳುಪು ಗೆರೆಗಳೇ ಎದ್ದು ನಡೆದವು. ನೋಡಿ ಖುಷಿಪಟ್ಟೆ. ಆದರೆ ಅದನ್ನು ನಾನು ಒಬ್ಬನೇ ಓದಿದ್ದು, ಮನಸ್ಸಿನಲ್ಲೇ. ಕಳೆದುಕೊಳ್ಳಲು ಯಾರ ದನಿಯೂ ಇರಲಿಲ್ಲ.

ಗೆಳೆಯ ಲಂಡನ್ನಿಗೆ ಹೋಗಿ ಹದಿನಾರು ವರ್ಷವಾಯಿತು. ಹೊರಡುವಾಗ ಪುಸ್ತಕ ನನ್ನ ಸರದಿಯಲ್ಲಿತ್ತು. ಮೊನ್ನೆ ಫೋನಿನಲ್ಲಿ, "ಮಗಳ ಜೊತೆ ಆ ಸಿನಿಮಾ ನೋಡಿದೆ ಕಣೋ. ಅಷ್ಟೇನೂ ಕೆಟ್ಟದಾಗಿಲ್ಲ. ಸಬ್‌ಮೆರೀನು ವೆನಿಸ್ಸಿಗೆ ಬಂದಾಗ ಚಪ್ಪಾಳೆ ತಟ್ಟಿದ್ಲು" ಅಂದ. ಹನ್ನೊಂದು ವರ್ಷದ ಹುಡುಗಿ. ಅವಳ ಲೀಗ್ ಅದೇ. ನಾನು ತಕರಾರು ತೆಗೆಯಲಿಲ್ಲ. "ಹೈಡ್‌ಗೆ ಕಂಡಕ್ಟರ್ ದನಿ ಮಾಡ್ತಿದ್ದೆಯಲ್ಲ, ಅವಳಿಗೆ ಮಾಡಿ ತೋರಿಸಿದೆಯಾ?" ಎಂದು ಕೇಳಿದೆ.

"ಯಾವ ಕಂಡಕ್ಟರು?"

ವಿವರಿಸಿದೆ. ಅತ್ತ ಸ್ವಲ್ಪ ಹೊತ್ತು ಸದ್ದಿಲ್ಲ. "ಅದು ನೀನಲ್ವಾ ಮಾಡ್ತಿದ್ದಿದ್ದು? ನಾನು ಕೇಳ್ತಿದ್ದೆ" ಅಂದ.

ಫೋನಿಟ್ಟು ಪುಸ್ತಕ ತೆಗೆದೆ. ಹೈಡ್ ಇರುವ ಪುಟ ಹುಡುಕಿ ಒಮ್ಮೆ ಗಟ್ಟಿಯಾಗಿ ಓದಿದೆ. ಅಡುಗೆಮನೆಯಿಂದ ಹೆಂಡತಿ, "ಯಾರು ಬಂದ್ರು?" ಅಂದಳು.

ಮರುದಿನ ಅಂಚೆ ಕಚೇರಿಗೆ ಹೋದೆ. ಕಟ್ಟಿನೊಳಗೆ ಒಂದು ಚೀಟಿ ಇಟ್ಟಿದ್ದೆ: ಹದಿನಾರು ವರ್ಷದ ಬಾಕಿ ಸರದಿ, ಮಗಳಿಗೂ ಹದಿನಾರು ತುಂಬುವ ತನಕ ಟ್ರಂಕಿನಲ್ಲೇ ಇರಲಿ. ಕೌಂಟರಿನಾಕೆ ಕಟ್ಟನ್ನು ತೂಗಿ, ಪುಸ್ತಕದ ಬೆಲೆಗಿಂತ ಎಷ್ಟೋ ಹೆಚ್ಚಿನ ಮೊತ್ತ ಹೇಳಿ, ವಿದೇಶಕ್ಕಾದರೆ ಕಸ್ಟಮ್ಸ್ ಫಾರಂ ಬೇಕೆಂದು ಪೆನ್ನು ಹಿಡಿದರು.

"ಒಳಗೇನಿದೆ ಸಾರ್?"

"ಪುಸ್ತಕ. ಚಿತ್ರದ್ದು."

"ಮಕ್ಕಳ ಪುಸ್ತಕ ಅಂತ ಬರೀಲಾ?"

"ಬೇಡ, ಬರೀ ಪುಸ್ತಕ ಅನ್ನಿ."

"ಬೆಲೆ?"

"ನಾನೂರು" ಅಂದೆ. ಅವರು ನಾಲ್ಕು ಬರೆಯುವಷ್ಟರಲ್ಲಿ ತಡೆದೆ. "ಅಲ್ಲ ಮೇಡಂ, ಇನ್ನೂರು. ಉಳಿದದ್ದು ಅವನದೇ."