ಸೂಟಿಯಲ್ಲೂ ಊಟದ ಗಂಟೆ

ಬೆಳಗಿನ ಎಂಟಕ್ಕೇ ಇಂಡಿ ಬಸ್ ಸ್ಟ್ಯಾಂಡಿನ ಕಟ್ಟೆ ಕಾದಿದೆ. ಸಾಲೋಟಗಿ ಕಡೆ ಹೋಗುವ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು, ಕೈಚೀಲ, ನೀರಿನ ಬಾಟಲಿ ತೂರಿ ಜನ ಸೀಟು ಹಿಡಿಯುತ್ತಿದ್ದಾರೆ. ನೀವು ಹೇಗೋ ನುಗ್ಗಿ ಒಳಗೆ ಕಂಬ ಹಿಡಿದು ನಿಂತಿದ್ದೀರಿ. 2024ರ ಮೇ ತಿಂಗಳು, ಬಸವ ಜಯಂತಿ ಮುಗಿದ ಮೇಲಿನ ಸೋಮವಾರ. ಏಳನೇ ತಾರೀಖಿಗೆ ಓಟು ಹಾಕಿದ ಶಾಯಿ ಎಲ್ಲರ ಬೆರಳ ಮೇಲೂ ಕಪ್ಪಗೆ ಕೂತಿದೆ. ಬಸ್ಸಿನ ತುಂಬ ಹೆಣ್ಣುಮಕ್ಕಳು. ಕಂಡಕ್ಟರ್ ಬಂದರೆ ಸೆರಗಿನ ಗಂಟಿನಿಂದ ಆಧಾರ್ ಕಾರ್ಡು ಹೊರಬರುತ್ತದೆ, ಶೂನ್ಯ ಮೊತ್ತದ ಚೀಟಿ ಕೈಗೆ ಬರುತ್ತದೆ. ಶಕ್ತಿ ಯೋಜನೆ ಶುರುವಾದ ಮೇಲೆ ಇದು ಮೊದಲ ಬೇಸಿಗೆ ಸೂಟಿ. ತವರಿಗೆ ಹೋಗಲು ಗಂಡನ ಹತ್ತಿರ ಬಸ್ ಚಾರ್ಜು ಕೇಳಬೇಕಾಗಿಲ್ಲ.

“ಎಲ್ಲಿಗಿ ಹೊಂಟೀರಿ ಅಕ್ಕಾರ?”

“ತವರಮನಿಗ್ರಿ. ಹುಡುಗ್ರ ಸೂಟಿ ಇನ್ನ ಹದಿನೈದು ದಿನ ಐತಿ. ಮನ್ಯಾಗ ಕುಂತ್ರ ಬರೇ ಮೊಬೈಲ್ ನೋಡ್ತಾವ್ರಿ.”

ಏಪ್ರಿಲ್ 11ಕ್ಕೆ ಬಾಗಿಲು ಹಾಕಿದ ಶಾಲೆ ಮೇ 29ಕ್ಕೆ ತೆರೆಯಬೇಕು. ಏಪ್ರಿಲ್, ಮೇ ಎರಡು ತಿಂಗಳು ಇಲ್ಲಿ ಸರಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಕಲಬುರಗಿ ವಿಭಾಗಕ್ಕೂ ನಮ್ಮ ವಿಜಯಪುರ, ಬಾಗಲಕೋಟೆಗಳಿಗೂ ಬೇಸಿಗೆಯಲ್ಲಿ ಈ ಬೇರೆ ವೇಳಾಪಟ್ಟಿ. ಬಿಸಿಲಿಗೆ ಸರಕಾರವೂ ದಾರಿ ಬಿಡುವ ನಾಡು ಇದು. ಕಿಟಕಿಯಿಂದ ಬರುವ ಗಾಳಿ ಈ ಹೊತ್ತಿಗೇ ಬಿಸಿ. ಎದುರು ಸೀಟಿನ ಕೂಸು ತಾಯಿಯ ಸೆರಗು ಮುಖಕ್ಕೆಳೆದುಕೊಂಡು ಮಲಗಿದೆ.

ಸಾಲೋಟಗಿ ಹತ್ತಿರ ಬಂದಂತೆ ರಸ್ತೆ ಬದಿಯಲ್ಲಿ ನಿಂಬೆ ತೋಟಗಳು ಕಾಣುತ್ತವೆ. ಇಳಿದು ಒಂದರೊಳಗೆ ಬನ್ನಿ. ಬಿಸಿಲು ಏರುವ ಮೊದಲು ಆರಿಸಿ ಮುಗಿಸಬೇಕೆಂದು ಇಬ್ಬರು ಹೆಣ್ಣುಮಕ್ಕಳು, ಮೂವರು ಹುಡುಗರು ಗಿಡದ ಬುಡದಲ್ಲಿ ಕೂತಿದ್ದಾರೆ. ಹಣ್ಣಾಗಿ ಉದುರಿದ್ದು ಒಂದು ಬುಟ್ಟಿಗೆ, ಗಿಡದಲ್ಲಿದ್ದದ್ದು ಇನ್ನೊಂದಕ್ಕೆ. ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳ ಕೈ ನೋಡಿ. ಟೊಂಗೆಯನ್ನು ಮೇಲಿನಿಂದ ಹಿಡಿಯುವುದಿಲ್ಲ. ಕೆಳಗಿನಿಂದ ಅಂಗೈ ಒಯ್ದು, ಮುಳ್ಳಿಗೆ ಬೆನ್ನು ಮಾಡಿ, ಹಣ್ಣನ್ನು ತುಸು ತಿರುಗಿಸಿ ಬಿಡಿಸುತ್ತಾಳೆ. ಆದರೂ ಮುಂಗೈ ಮೇಲೆ ಬಿಳಿ ಗೀರುಗಳು. ಹಣ್ಣಿನ ರಸ ಗೀರಿಗೆ ತಾಗಿದಾಗ ಬಾಯಿಂದ ‘ಸ್ಸ್’ ಅಂತ ಉಸಿರೆಳೆದುಕೊಂಡು ಮುಂದಿನ ಹಣ್ಣಿಗೆ ಕೈ ಹಾಕುತ್ತಾಳೆ.

ಇಂಡಿ ನಿಂಬೆಗೆ 2023ರಲ್ಲಿ ಜಿಐ ಮಾನ್ಯತೆ ಬಂತು. ತೆಳು ಸಿಪ್ಪೆ, ತುಂಬು ರಸ. ಇಂಡಿಯಲ್ಲೇ ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿಯೂ ಇದೆ. ಊರೂರಿನ ಜನ ಶರಬತ್ತು ಕುಡಿಯುವ ಈ ತಿಂಗಳುಗಳಲ್ಲೇ ಹಣ್ಣಿಗೆ ಒಳ್ಳೆಯ ರೇಟು. ಆದರೆ ಬೇಸಿಗೆಗೆ ಹಣ್ಣು ಬೇಕೆಂದರೆ ಮಳೆಗಾಲದ ಕೊನೆಗೇ ಗಿಡಕ್ಕೆ ನೀರು ನಿಲ್ಲಿಸಿ ಬಾಡಿಸಬೇಕು, ಆಮೇಲೆ ಗೊಬ್ಬರ ಹಾಕಿ ನೀರು ಬಿಟ್ಟು ಹೂವು ಹಿಡಿಸಬೇಕು. ಅಲ್ಲಿಂದ ಮೇ ತಿಂಗಳ ತನಕ ನೀರು ತಪ್ಪುವಂತಿಲ್ಲ. ಅಂದರೆ ಬಾವಿ, ಬೋರು ಬತ್ತುವ ಹೊತ್ತಿಗೇ ಗಿಡ ಹೆಚ್ಚು ನೀರು ಕೇಳುತ್ತದೆ. ಹಿಂದಿನ ವರ್ಷದ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸರಕಾರ ಘೋಷಿಸಿದೆ. ಅದರಲ್ಲಿ ಇಂಡಿಯೂ ಇದೆ. ಭೀಮೆ ತಾಲ್ಲೂಕಿನ ಅಂಚಿನಲ್ಲೇ ಹರಿದರೂ ಬೇಸಿಗೆಯಲ್ಲಿ ಅದರ ಪಾತ್ರ ಮರಳು. ನಾರಾಯಣಪುರ ಅಣೆಕಟ್ಟೆಯಿಂದ ಬರುವ ಇಂಡಿ ಶಾಖಾ ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟುವುದೇ ಕಷ್ಟ. ಟ್ಯಾಂಕರ್ ನೀರು ಕೊಂಡು ಗಿಡ ಉಳಿಸಿಕೊಳ್ಳುವವರಿದ್ದಾರೆ. ಬೆಳೆದ ಗಿಡ ಒಣಗಿದರೆ ಒಂದು ಪೀಕು ಹೋಗುವುದಲ್ಲ, ಹತ್ತಾರು ವರ್ಷದ ಆದಾಯ ಹೋಗುತ್ತದೆ. ಅದಕ್ಕೇ ಸಾಲ ಮಾಡಿಯಾದರೂ ನೀರು ಹುಡುಕುತ್ತಾರೆ.

ಹತ್ತು ಗಂಟೆಗೆ ಊರೊಳಗೆ ನಡೆದರೆ ಮಾಳಿಗೆ ಮಾಳಿಗೆಯ ಮೇಲೂ ಸೀರೆ ಹಾಸಿದೆ. ಸೀರೆಯ ಮೇಲೆ ಶಾವಿಗಿ, ಸಂಡಿಗಿ, ಹಪ್ಪಳ. ವರ್ಷದ ಊಟದ ಈ ಪಾಲು ಮೇ ತಿಂಗಳ ಬಿಸಿಲಿನಲ್ಲೇ ಸಿದ್ಧವಾಗಬೇಕು, ಮೃಗಶಿರಾ ಮಳೆ ಬಿದ್ದರೆ ಮುಗಿಯಿತು. ಆಯಿ ನೆರಳಿನಲ್ಲಿ ಕೂತು ಹಿಟ್ಟು ಮಿದಿಯುತ್ತಾಳೆ, ಮೊಮ್ಮಗ ಕಾಗೆ ಕಾಯುತ್ತಾನೆ. ಅವನ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮೊಬೈಲು. ಪುಣೆಯಿಂದ ಬಂದ ಹುಡುಗ ಅವನು. ಅಪ್ಪ-ಅವ್ವ ಅಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದಾರೆ. ಸೂಟಿಗೆ ಮಗನನ್ನು ಊರಿಗೆ ಕಳಿಸಿದ್ದಾರೆ. ಇಲ್ಲಿನ ಎಷ್ಟೋ ಮನೆಗಳದ್ದು ಇದೇ ಕಥೆ, ಕೆಲವದ್ದು ತಿರುವುಮುರುವು. ದುಡಿಮೆ ಹುಡುಕಿ ಗೋವಾ, ಮುಂಬೈ, ಪುಣೆಗೆ ಹೋದವರ ಮಕ್ಕಳು ವರ್ಷವಿಡೀ ಇಲ್ಲಿ ಮುತ್ಯಾ-ಆಯಿಯ ಹತ್ತಿರವೇ ಬೆಳೆಯುತ್ತಾರೆ, ಸೂಟಿಯಲ್ಲಿ ಮಾತ್ರ ಅವ್ವನ ಹತ್ತಿರ ಹೋಗುತ್ತಾರೆ.

ನಾವು ಚಿಕ್ಕವರಿದ್ದಾಗಲೂ ಸೂಟಿ ಎಂದರೆ ಮುತ್ಯಾನ ಊರೇ. ಆಗ ನಮ್ಮನ್ನು ಯಾರು ಕಾಯುತ್ತಿದ್ದರು ಎಂಬ ಪ್ರಶ್ನೆ ನನಗೆ ಬಂದದ್ದು ನಾನು ತಾಯಿಯಾದ ಮೇಲೆ. ಓಣಿಯ ಯಾವ ಮನೆಯಲ್ಲಿ ಬೇಕಾದರೂ ರೊಟ್ಟಿ ಮುರಿದು ಕೊಡುತ್ತಿದ್ದರು, ಯಾವ ಕಾಕಾ ಬೇಕಾದರೂ ಬಾವಿ ದಂಡೆಯಿಂದ ಕಿವಿ ಹಿಂಡಿ ಮನೆಗೆ ಕಳಿಸುತ್ತಿದ್ದ. ಇಂದೂ ಹಾಗೆಯೇ ಇದೆಯೇ? ಅದನ್ನು ನೋಡಲೆಂದೇ ನಿಮ್ಮನ್ನು ಮುಂದೆ ಕರೆದೊಯ್ಯುತ್ತಿದ್ದೇನೆ.

ಮಧ್ಯಾಹ್ನ ಸರಕಾರಿ ಶಾಲೆಯ ಗಂಟೆ ಹೊಡೆಯುತ್ತದೆ. ನಿಮಗೆ ಅಚ್ಚರಿಯಾಗುವುದು ಸಹಜ, ಸೂಟಿಯಲ್ಲವೇ ಇದು? ತರಗತಿಗಳ ಬಾಗಿಲಿಗೆ ಬೀಗವಿದೆ. ಆದರೆ ಅಡುಗೆ ಕೋಣೆಯಿಂದ ಹೊಗೆ ಏಳುತ್ತಿದೆ, ಸಾರಿಗೆ ಒಗ್ಗರಣೆ ಬಿದ್ದ ವಾಸನೆ ಗೇಟಿನ ತನಕ ಬರುತ್ತಿದೆ. ಬರ ಬಿದ್ದ 223 ತಾಲ್ಲೂಕುಗಳಲ್ಲಿ ರಜೆಯಲ್ಲೂ ಮಕ್ಕಳಿಗೆ ಬಿಸಿಯೂಟ ಕೊಡಬೇಕೆಂದು ಈ ವರ್ಷ ಆದೇಶವಾಗಿದೆ. ಏಪ್ರಿಲ್ 11ರಿಂದ ಮೇ 28ರ ತನಕ, ಭಾನುವಾರ ಕಳೆದು 41 ದಿನ. ಈ ಬಿಸಿಯೂಟ 2002ರಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ವಿಜಯಪುರವೂ ಒಂದು.

ಮಕ್ಕಳು ಬರುತ್ತಾರೆ. ಯೂನಿಫಾರ್ಮಿಲ್ಲ, ಪಾಟಿಚೀಲವಿಲ್ಲ. ಕೆಲವರ ಕೈಯಲ್ಲಿ ಮನೆಯ ತಾಟು, ಕೆಲವರ ಕಂಕುಳಲ್ಲಿ ತಂಗಿ. ಬರಿಗಾಲಿನವರು ಸುಡುವ ನೆಲದ ಮೇಲೆ ಓಡುತ್ತ ಬೇವಿನ ನೆರಳಿನಿಂದ ಗೋಡೆಯ ನೆರಳಿಗೆ ಹಾರುತ್ತಾರೆ. ಬೆಳಿಗ್ಗೆ ತೋಟದಲ್ಲಿ ಕಂಡ ಹುಡುಗಿಯೂ ಬಂದಿದ್ದಾಳೆ. ತಾಟಿಗೆ ಅನ್ನ ಬೀಳುತ್ತಲೇ ನಡುವೆ ಬೆರಳಿನಿಂದ ಗುಂಡಿ ಮಾಡಿ ಸಾರು ಹಾಕಿಸಿಕೊಳ್ಳುತ್ತಾಳೆ. ಗೀರಿದ ಕೈಗೆ ಬಿಸಿ ಸಾರು ತಾಗದ ಹಾಗೆ ಬೆರಳ ತುದಿಯಿಂದಲೇ ಉಣ್ಣುತ್ತಾಳೆ.

“ಮುಂದಿನ ಸೂಟ್ಯಾಗೂ ಊಟ ಇರ್ತದೇನ್ರಿ ಚಿಗವ್ವ?” ಅಂತ ಅಡುಗೆಯವರನ್ನು ಕೇಳುತ್ತಾಳೆ.

“ಮಳಿ ಬಂದ್ರ ಇಲ್ಲವಾ. ಬರಲಿಲ್ಲಂದ್ರ ಇರ್ತದ.”

ಅಡುಗೆಯ ಹೆಣ್ಣುಮಗಳು ಇದ್ದದ್ದನ್ನು ಇದ್ದಂತೆ ಹೇಳಿದ್ದಾಳೆ. ಮಳೆ ಬಂದ ವರ್ಷದ ಮೇ ತಿಂಗಳಲ್ಲಿ ಈ ಮಕ್ಕಳಿಗೆ ಹಸಿವಾಗುವುದಿಲ್ಲವೇ? ಮಳೆ ಬಂದರೂ ಅಪ್ಪ-ಅವ್ವ ಬೆಳಿಗ್ಗೆ ಆರಕ್ಕೇ ಉದ್ಯೋಗ ಖಾತ್ರಿ ಕೆಲಸಕ್ಕೋ ತೋಟಕ್ಕೋ ಹೋಗಬೇಕು. ಸೂಟಿಯೂಟಕ್ಕೆ ಬರ ಘೋಷಣೆ ಬೇಕಾಗಬಾರದು. ಬಡ ಓಣಿಯ ಮಗುವಿಗೆ ರಜೆಯ ಏಳು ವಾರವೂ ಶಾಲೆಯ ಒಲೆ ಉರಿಯಲೇಬೇಕು.

ಈ ಮಾತನ್ನು ನಾನು ಸಾಲೋಟಗಿಯಲ್ಲಿ ನಿಂತು ಹೇಳಲು ಕಾರಣವಿದೆ. ಶಾಲೆಯ ಮಕ್ಕಳಿಗೆ ಊಟ, ವಸತಿ ಕೊಡುವುದು ಈ ಊರಿಗೆ ಸಾವಿರ ವರ್ಷದಷ್ಟು ಹಳೆಯ ವಿಷಯ. ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟರ ಮೂರನೆಯ ಕೃಷ್ಣ ಆಳುತ್ತಿದ್ದಾಗ, ಅವನ ಮಂತ್ರಿ ನಾರಾಯಣನೆಂಬವನು ಇಲ್ಲಿ ತ್ರಯೀಪುರುಷರ ಗುಡಿಯ ಜೊತೆಗೆ ದೊಡ್ಡ ಶಾಲೆ ನಡೆಸಿದ. ಊರಿನ ಹೆಸರು ಆಗ ಪಾವಿಟ್ಟಗೆ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳಿದ್ದವು. ಶಾಲೆಗೆ 500 ನಿವರ್ತನ ಭೂಮಿ, ದೀಪದ ಎಣ್ಣೆಗೆಂದು ಬೇರೆಯೇ 12 ನಿವರ್ತನ, ಗುರುವಿಗೆ 50. ಇಲ್ಲೇ ಸಿಕ್ಕ ಕಂಬದ ಶಾಸನ ಇದನ್ನೆಲ್ಲ ಲೆಕ್ಕವಿಟ್ಟು ಹೇಳುತ್ತದೆ. ನನ್ನ ಮನಸ್ಸು ಹಿಡಿದಿಟ್ಟದ್ದು ಮಾತ್ರ ಮಂತ್ರಿಯ ದಾನವಲ್ಲ, ಊರಿನವರು ತಾವಾಗಿ ಒಪ್ಪಿಕೊಂಡ ವಂತಿಗೆ. ಮದುವೆಯಾದರೆ ಶಾಲೆಗೆ ಐದು ನಾಣ್ಯ, ಮುಂಜಿಗೆ ಅದರ ಅರ್ಧ, ಚೌಲಕ್ಕೆ ಅದರ ಅರ್ಧ. ಯಾರ ಮನೆಯಲ್ಲಿ ಊಟ ಹಾಕಿಸಿದರೂ ಶಾಲೆಯವರಿಗೆ ಕೈಲಾದಷ್ಟು ಬಡಿಸಬೇಕು. ಅಂದರೆ ತಮ್ಮ ಮನೆಯ ಸಂತೋಷದಲ್ಲಿ ಎಲ್ಲಿಂದಲೋ ಬಂದ ಹುಡುಗರಿಗೂ ಒಂದು ಪಾಲು. ಅಂದಿನ ಆ ಶಾಲೆ ಬ್ರಾಹ್ಮಣ ಗಂಡುಮಕ್ಕಳಿಗಾಗಿ ಇತ್ತು ಎಂಬುದನ್ನೂ ಹೇಳಲೇಬೇಕು. ಇಂದು ಗೋಡೆಯ ನೆರಳಿನಲ್ಲಿ ಸಾಲಾಗಿ ಕೂತವರಲ್ಲಿ ಎಲ್ಲ ಓಣಿಯ ಮಕ್ಕಳಿದ್ದಾರೆ, ಅರ್ಧಕ್ಕರ್ಧ ಹುಡುಗಿಯರು. ಆ ದೃಷ್ಟಿಯಿಂದ 945ಕ್ಕಿಂತ ಈ ಪಂಕ್ತಿಯೇ ದೊಡ್ಡದು.

ಎರಡು ಗಂಟೆಯಿಂದ ನಾಲ್ಕರ ತನಕ ಯಾರೂ ಹೊರಗೆ ಬರುವುದಿಲ್ಲ. ಬನ್ನಿ, ಬಿಸಿಲು ತುಸು ಇಳಿದ ಮೇಲೆ, ಸೂಟಿಯ ಮಕ್ಕಳನ್ನು ಕಾಯುವ ಇನ್ನೊಂದು ಕೆಲಸ ನೋಡಲು ಊರ ಹೊರಗಿನ ಒಂದು ಹೊಲಕ್ಕೆ ಹೋಗೋಣ.

ಹೊಲದ ಮುತ್ಯಾ ಮೊದಲು ನಿಮಗೆ ಮಜ್ಜಿಗೆ ಕೊಡುತ್ತಾರೆ. ಆಮೇಲೆ ತೋಟದ ಮೂಲೆಗೆ ಕರೆದೊಯ್ಯುತ್ತಾರೆ. ಅಲ್ಲಿ ನೆಲದಿಂದ ತುಸು ಎದ್ದ ಬೂದಿ ಬಣ್ಣದ ಪುಡಿಯ ದಿಬ್ಬ. ಕಲ್ಲು ಕೊರೆದಾಗ ಮೇಲೆ ಬಂದ ಪುಡಿ ಅದು. ದಿಬ್ಬದ ನಡುವೆ ಹಾಸುಗಲ್ಲು, ಅದರ ಮೇಲೆ ಜಾಲಿ ಮುಳ್ಳು. ಕಲ್ಲಿನ ಕೆಳಗೆ ನೀರು ಬೀಳದ ಬೋರು. “ಪಾಯಿಂಟ್ ನೋಡಿದಾಂವ ಎರಡ ಇಂಚ್ ನೀರ ಬೀಳ್ತೈತಿ ಅಂದಿದ್ದ. ಬರೇ ಧೂಳ ಬಂತು,” ಎನ್ನುತ್ತಾರೆ ಮುತ್ಯಾ. ಇಲ್ಲಿನ ನೆಲದಡಿ ಇರುವುದು ಲಾವಾ ಗಟ್ಟಿಯಾಗಿ ಆದ ಕರಿಗಲ್ಲು. ಬಿರುಕು ಇದ್ದಲ್ಲಿ ಮಾತ್ರ ನೀರು, ಇಲ್ಲದಿದ್ದರೆ ಎಷ್ಟು ಅಡಿ ಇಳಿದರೂ ಇಲ್ಲ. ನೀರು ಬೀಳದಿದ್ದರೂ ಬೋರಿನ ಗಾಡಿಯವರಿಗೆ ಅಡಿ ಲೆಕ್ಕದಲ್ಲಿ ದುಡ್ಡು ಎಣಿಸಲೇಬೇಕು. ಆಗ ರೈತ ಉಳಿಸಿಕೊಳ್ಳಬಹುದಾದದ್ದು ಕೇಸಿಂಗ್ ಪೈಪ್ ಒಂದೇ. ಅದನ್ನು ಮೇಲೆಳೆದು ಇನ್ನೊಂದು ಬೋರಿಗೆ ಇಟ್ಟುಕೊಳ್ಳುತ್ತಾನೆ. ಪೈಪು ತೆಗೆದ ಬಾಯಿ ನೆಲದ ಮಟ್ಟಕ್ಕೆ ತೆರೆದು ನಿಲ್ಲುತ್ತದೆ, ಒಂದು ಕೂಸು ಜಾರುವಷ್ಟು ಅಗಲಕ್ಕೆ.

ಹೋದ ತಿಂಗಳು ಏಪ್ರಿಲ್ 3ರ ಸಂಜೆ ಇದೇ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಹಾಗೆ ಜಾರಿತು. ಕಬ್ಬು, ನಿಂಬೆಗೆಂದು ಹಿಂದಿನ ದಿನವಷ್ಟೇ ಕೊರೆಸಿದ ಬೋರು. ನಡೆಯಲು ಕಲಿತು ಹೆಚ್ಚು ಕಾಲವಾಗದ ಗಂಡುಕೂಸು ತಲೆಕೆಳಗಾಗಿ ಒಳಗೆ ಸಿಕ್ಕಿಕೊಂಡಿತು. ಪೈಪಿನಲ್ಲಿ ಆಮ್ಲಜನಕ ಬಿಟ್ಟರು, ಕ್ಯಾಮೆರಾ ಇಳಿಸಿದರು, ಕಾಲು ಅಲ್ಲಾಡುವುದು ಕಾಣಿಸಿತು. ಜೆಸಿಬಿ, ಹಿಟಾಚಿ ಪಕ್ಕದಲ್ಲಿ ಇನ್ನೊಂದು ಕುಣಿ ತೋಡಿದವು. ಅದೇ ಕರಿಗಲ್ಲು ಅಲ್ಲೂ ಅಡ್ಡ ಬಂತು. ಮಗುವಿಗೆ ಅದುರು ತಾಗಬಾರದೆಂದು ಕೊನೆಯ ಕೆಲವು ಅಡಿಗಳನ್ನು ಎನ್‌ಡಿಆರ್‌ಎಫ್ ಮತ್ತು ಎಸ್‌ಡಿಆರ್‌ಎಫ್‌ನವರು ನಿಧಾನಕ್ಕೆ ಕೊರೆದರು. ಆ ರಾತ್ರಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಮನೆಗಳ ಟಿವಿ ಆರಲಿಲ್ಲವೋ! ನಮ್ಮ ಮನೆಯಲ್ಲಿ ಯಾರೂ ಮಲಗಲಿಲ್ಲ. ಸುಮಾರು ಇಪ್ಪತ್ತು ತಾಸಿನ ಮೇಲೆ, ಮರುದಿನ ಮಧ್ಯಾಹ್ನ, ಕೂಸು ಜೀವಂತ ಹೊರಗೆ ಬಂದಾಗ ಕುಣಿಯ ಸುತ್ತ ನಿಂತ ಸಾವಿರಾರು ಜನ ಅಳುತ್ತ ಚಪ್ಪಾಳೆ ಹೊಡೆದರು.

ಎಲ್ಲ ಕೂಸುಗಳಿಗೂ ಆ ಭಾಗ್ಯವಿರಲಿಲ್ಲ. 2014ರ ಜೂನ್‌ನಲ್ಲಿ ವಿಜಯಪುರ ಹತ್ತಿರದ ನಾಗಠಾಣದಲ್ಲಿ ನಾಲ್ಕು ವರ್ಷದ ಹುಡುಗಿ, ಅದೇ ವರ್ಷ ಆಗಸ್ಟಿನಲ್ಲಿ ಬಾದಾಮಿ ತಾಲ್ಲೂಕಿನ ಸೂಳಿಕೇರಿಯಲ್ಲಿ ಆರು ವರ್ಷದ ಹುಡುಗ, ಇಬ್ಬರೂ ಉಳಿಯಲಿಲ್ಲ. ಬೋರು ಕೊರೆಯುವ ಹದಿನೈದು ದಿನ ಮೊದಲು ತಿಳಿಸಬೇಕು, ಸುತ್ತ ಬೇಲಿ ಹಾಕಬೇಕು, ಬಾಯಿಗೆ ಮುಚ್ಚಳ ಬಿಗಿಯಬೇಕು, ಬಿಟ್ಟ ಬೋರನ್ನು ತಳದಿಂದ ಮೇಲಿನ ತನಕ ಮಣ್ಣು-ಕಲ್ಲು ತುಂಬಿ ಮುಚ್ಚಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಸಾಲದಲ್ಲಿ ಮುಳುಗಿ, ಬೋರು ಫೇಲಾದ ಸಂಜೆ ಹೊಲದಲ್ಲಿ ತಲೆ ಮೇಲೆ ಕೈ ಹೊತ್ತು ಕೂತ ರೈತನೊಬ್ಬನ ಮೇಲೇ ಆ ಹೊಣೆ ಬಿಟ್ಟರೆ ಆಗುವ ಕೆಲಸವಲ್ಲ ಇದು. ಬೋರಿನ ಗಾಡಿ ಹೊಲ ಬಿಡುವ ಮೊದಲೇ ಬಾಯಿ ಮುಚ್ಚಿಸುವುದು ಪಂಚಾಯ್ತಿಯ ಕೆಲಸವಾಗಬೇಕು. ನೀರಿನ ಬಿಲ್ಲು, ಮನೆಪಟ್ಟಿ ಬರೆಯುವ ಪುಸ್ತಕದ ಪಕ್ಕದಲ್ಲಿ ಊರಿನ ಫೇಲಾದ ಬೋರುಗಳ ಪುಸ್ತಕವೂ ಒಂದಿರಬೇಕು.

“ಲಚ್ಯಾಣದ್ದು ಟಿವ್ಯಾಗ ನೋಡಿದ ಮ್ಯಾಲ ಈ ಕಲ್ಲ ತಂದ ಹಾಕೀವ್ರಿ,” ಎನ್ನುತ್ತಾರೆ ಮುತ್ಯಾ.

ಕಲ್ಲು ಸಾಕೇ ಎಂದು ನೀವು ಕೇಳುತ್ತೀರಿ. ಮಳೆ ಬಿದ್ದರೆ ಸುತ್ತಲಿನ ಪುಡಿ ಕುಸಿದು ಕಲ್ಲು ಓರೆಯಾಗುತ್ತದೆ, ಮುಳ್ಳು ಒಣಗಿ ಒಲೆಗೆ ಹೋಗುತ್ತದೆ. ಅವರಿಗೂ ಗೊತ್ತಿದೆ. ಮೊಮ್ಮಕ್ಕಳಿಬ್ಬರು ದಿಬ್ಬದ ಆಚೆ ಬುಗುರಿ ಆಡುತ್ತಿದ್ದಾರೆ. ಅವರತ್ತ ಒಮ್ಮೆ ನೋಡಿ ಮುತ್ಯಾ ಮೊಬೈಲ್ ತೆಗೆದು ಟ್ರ್ಯಾಕ್ಟರಿನವನಿಗೆ ಫೋನು ಹಚ್ಚುತ್ತಾರೆ. ಬಾಡಿಗೆ ಎಷ್ಟು, ಒಂದು ಟ್ರೇಲರ್ ಗರಸು ಸಾಕೋ ಎರಡು ಬೇಕೋ ಎಂದು ಮಾತಾಗುತ್ತದೆ. ಆತ ಶುಕ್ರವಾರ ಬರುತ್ತೇನೆ ಎಂದರೆ ಇವರು ಒಪ್ಪುವುದಿಲ್ಲ.

“ಶುಕ್ರವಾರ ಬ್ಯಾಡಪಾ. ಮನ್ಯಾಗ ಹುಡುಗ್ರ ಬಂದಾವ. ನಾಳಿ ಮುಂಜಾನೆನ ಬಾ.”