ಗ್ರಾಫಿಕ್ಸ್ ಕಾರ್ಡಿಗೆ ಹೋದ ದುಡ್ಡು

ಕಡಿಮೆ ದುಡ್ಡಿನಲ್ಲಿ ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೊರಟವರ ಕತ್ತರಿ ಸಾಮಾನ್ಯವಾಗಿ ಬೀಳುವುದು ಎಸ್‌ಎಸ್‌ಡಿ ಮೇಲೆ. ಗ್ರಾಫಿಕ್ಸ್ ಕಾರ್ಡ್ ಇಳಿಸಿದರೆ ಆಟ ತಡವರಿಸುತ್ತದೆ, ಪ್ರೊಸೆಸರ್ ಇಳಿಸಲು ಮನಸ್ಸು ಒಪ್ಪುವುದಿಲ್ಲ. ಡಿಸ್ಕ್ ಯಾವುದಾದರೇನು, ಒಳಗೆ ಕೂತಿರುತ್ತದಲ್ಲ! ಅಕ್ಕನ ಮಗನಿಗೆ ಪಿಸಿ ಜೋಡಿಸಿಕೊಡುವಾಗ ನಾನೂ ಹೀಗೇ ಯೋಚಿಸಿದೆ.

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯವರು ಎರಡು ಡಬ್ಬಿ ಮುಂದಿಟ್ಟರು. ಒಂದು ಹೆಸರಾಂತ ಕಂಪನಿಯದು, ಇನ್ನೊಂದರ ಹೆಸರು ನಾನು ಕೇಳಿರಲಿಲ್ಲ. ಎರಡರ ಮೇಲೂ ಸೆಕೆಂಡಿಗೆ 550 ಎಂಬಿ ಎಂದು ದಪ್ಪಕ್ಷರದಲ್ಲಿತ್ತು. "ಸ್ಪೀಡ್ ಒಂದೇ ಅಲ್ವಾ?" ಎಂದೆ. "ಸ್ಪೀಡ್ ಒಂದೇ ಸಾರ್, ಆದ್ರೆ..." ಎಂದು ಅವರು ಶುರು ಮಾಡಿದ್ದನ್ನು ಪೂರ್ತಿ ಕೇಳಿಸಿಕೊಳ್ಳದೆ ಅಗ್ಗದ್ದಕ್ಕೆ ಬಿಲ್ ಮಾಡಿಸಿದೆ. ಆ 550 ಹೆಚ್ಚುಕಡಿಮೆ ಸಾಟಾ ಸಂಪರ್ಕದ ಮಿತಿ; ಡಿಸ್ಕಿನ ಗುಣವನ್ನು ಅದು ಹೇಳುವುದಿಲ್ಲ. ಉಳಿದ ದುಡ್ಡಿನಲ್ಲಿ ಒಂದು ಮೆಟ್ಟಿಲು ಮೇಲಿನ ಗ್ರಾಫಿಕ್ಸ್ ಕಾರ್ಡ್ ಬಂತು. ಹುಡುಗ "ಥ್ಯಾಂಕ್ಸ್ ಮಾಮ" ಎಂದು ತಬ್ಬಿಕೊಂಡ.

ಮೊದಲ ಸೂಚನೆ ಬೇಗನೇ ಸಿಕ್ಕಿತ್ತು. 'ರೆಡ್ ಡೆಡ್ ರಿಡೆಂಪ್ಷನ್ 2' ಆಟಕ್ಕೆ 150 ಜಿಬಿ ಜಾಗ ಬೇಕು. ಅದನ್ನು ಕಾಪಿ ಮಾಡುವಾಗ ಆರಂಭದ ವೇಗ ಸ್ವಲ್ಪ ಹೊತ್ತಿಗೇ ಕುಸಿದು, ಹಳೆಯ ಹಾರ್ಡ್‌ಡಿಸ್ಕಿಗಿಂತ ನಿಧಾನವಾಯಿತು. ಆಂಟಿವೈರಸ್ ಇರಬೇಕು ಎಂದು ಸುಮ್ಮನಾದೆ. ಕಾರಣ ಬೇರೆಯಿತ್ತು. ಇಂದಿನ ಎಸ್‌ಎಸ್‌ಡಿಗಳು ಒಂದಷ್ಟು ಜಾಗವನ್ನು ವೇಗದ ಕ್ಯಾಶ್‌ನಂತೆ ಬಳಸುತ್ತವೆ. ಅದು ತುಂಬಿದ ಮೇಲೆ ನಿಜವಾದ ವೇಗ ಹೊರಬೀಳುತ್ತದೆ. ಟಿಎಲ್‌ಸಿ ಬಗೆಯ ಮೆಮೊರಿಯಲ್ಲಿ ಒಂದು ಸೆಲ್ಲಿಗೆ 3 ಬಿಟ್, ಕ್ಯೂಎಲ್‌ಸಿಯಲ್ಲಿ 4. ಸೆಲ್ಲಿಗೆ ಹೆಚ್ಚು ಬಿಟ್ ತುಂಬಿದಷ್ಟೂ ಬರೆಯುವುದು ನಿಧಾನ, ಸವೆತವೂ ಜಾಸ್ತಿ.

ಒಂದು ಬೆಳಿಗ್ಗೆ ಕಂಪ್ಯೂಟರ್ ಆನ್ ಆಯಿತು, ವಿಂಡೋಸ್ ಬರಲಿಲ್ಲ. ಬಯೋಸ್ ತೆರೆದರೆ ಡಿಸ್ಕಿನ ಹೆಸರಿರಬೇಕಾದ ಸಾಲು ಖಾಲಿ. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಏನೂ ಆಗಲಿಲ್ಲ. ಹಾರ್ಡ್‌ಡಿಸ್ಕ್ ಕೆಡುವ ಮೊದಲು ಎಷ್ಟೋ ಸಲ ಟಕಟಕ ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್‌ಎಸ್‌ಡಿಯ ಕಂಟ್ರೋಲರ್ ಕೈಕೊಟ್ಟರೆ ಆ ಎಚ್ಚರಿಕೆಯೂ ಇಲ್ಲ.

ಆಟಗಳನ್ನು ಮತ್ತೆ ಡೌನ್‌ಲೋಡ್ ಮಾಡಬಹುದಿತ್ತು. ಆದರೆ ಅಕ್ಕನ ಫೋನ್ ಫೋಟೋಗಳಿಂದ ತುಂಬಿದಾಗ, "ಕಂಪ್ಯೂಟರಿಗೆ ಹಾಕಿ ಫೋನಿಂದ ಡಿಲೀಟ್ ಮಾಡಿಬಿಡು, ಜಾಗ ಬೇಕಾದಷ್ಟಿದೆ" ಎಂದಿದ್ದವನು ನಾನು. ವಾರಂಟಿಯಲ್ಲಿ ಅಂಗಡಿಯವರು ಸೀಲ್ ಒಡೆಯದ ಹೊಸ ಡಿಸ್ಕನ್ನೇ ಕೊಟ್ಟರು. ಮನೆಗೆ ತಂದಾಗ ಅಕ್ಕ ಆ ಡಬ್ಬಿಯನ್ನು ಕೈಗೆ ತಗೊಂಡು, "ಇದ್ರಲ್ಲಿ ಫೋಟೋ ಇದ್ಯಾ?" ಎಂದು ಕೇಳಿದಳು. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಮಗನೇ ಹೇಳಿದ. ಅವಳು ಬೈದಿದ್ದರೆ ಒಳ್ಳೆಯದಿತ್ತು, ಊಟಕ್ಕೆ ಎಬ್ಬಿಸಿದಳು.

ಆಮೇಲೆ ಕೂತು ಡೇಟಾಶೀಟ್‌ಗಳನ್ನು ಓದಿದೆ. ಒಂದೇ ಕಂಪನಿ, ಒಂದೇ 1 ಟಿಬಿ ಅಳತೆ: ಸ್ಯಾಮ್‌ಸಂಗ್ 870 ಇವೊಗೆ 600 ಟಿಬಿ ಬರೆಯುವ ತನಕ ಅಥವಾ 5 ವರ್ಷ ವಾರಂಟಿ, 870 ಕ್ಯೂವಿಒಗೆ 360 ಟಿಬಿ, 3 ವರ್ಷ. ಮೊದಲನೆಯದು ಟಿಎಲ್‌ಸಿ, ಎರಡನೆಯದು ಕ್ಯೂಎಲ್‌ಸಿ. ಹಾಗೆಂದು ಆ ಅಂಕಿಗೆ ಹೆದರಬೇಕಿಲ್ಲ. ವಾರಕ್ಕೊಂದರಂತೆ 150 ಜಿಬಿಯ ಆಟ ಹಾಕಿದರೂ ವರ್ಷಕ್ಕೆ 8 ಟಿಬಿ ಮುಟ್ಟುವುದಿಲ್ಲ. ನಮ್ಮ ಡಿಸ್ಕ್ ಸವೆದು ಸತ್ತಿರಲಾರದು. ನನಗೆ ಮುಖ್ಯವಾಗಿ ಕಂಡದ್ದು ಬೇರೆ: ಸೆಲ್ ಯಾವ ಬಗೆಯದು, ಒಳಗೆ ಡಿರ್ಯಾಮ್ ಚಿಪ್ ಇದೆಯೇ, ಎಷ್ಟು ಬರೆಯುವವರೆಗೆ ತಾನು ಹೊಣೆ ಎಂದು ತಯಾರಕ ಬರೆದುಕೊಡುತ್ತಾನೆಯೇ ಎಂಬುದು. ನಾನು ತಂದ ಡಬ್ಬಿಯ ಮೇಲೆ ಇವು ಒಂದೂ ಇರಲಿಲ್ಲ. ಅಂಗಡಿಯವರು ಹೇಳಹೊರಟಿದ್ದು ಬಹುಶಃ ಇದನ್ನೇ.

ವಿಂಡೋಸಿಗೆ ಈಗ 5 ವರ್ಷ ವಾರಂಟಿಯ ಟಿಎಲ್‌ಸಿ ಡಿಸ್ಕ್ ಹಾಕಿದ್ದೇವೆ. ಬದಲಿಗೆ ಸಿಕ್ಕಿದ್ದರಲ್ಲಿ ಆಟಗಳು ಮಾತ್ರ ಇವೆ. ಒಳ್ಳೆಯ ಡಿಸ್ಕೂ ಕೆಡಬಹುದು, ಹಾಗಾಗಿ ಅಕ್ಕನ ಹೊಸ ಫೋಟೋಗಳ ಇನ್ನೊಂದು ಪ್ರತಿ ಹೊರಗಿನ ಹಾರ್ಡ್‌ಡಿಸ್ಕಿನಲ್ಲಿದೆ. ಹಳೆಯವು ಕೆಲವು ನೆಂಟರ ವಾಟ್ಸಾಪಿನಲ್ಲಿ ಸಿಕ್ಕವು, ಸ್ವಲ್ಪ ಮಸುಕು. ಉಳಿದವಕ್ಕೆ ಇನ್ನೂ ಒಬ್ಬೊಬ್ಬರನ್ನೇ ಕೇಳುತ್ತಿದ್ದೇನೆ.